ಜಪ್ತಿ ನೋಟಿಸು ಬಂದರೆ ಮೊದಲು ಕಾಯ್ದೆಯ ಹೆಸರು ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆ "ಅವರ ಮನೆಗೆ ಜಪ್ತಿ ಬಂತು" ಎಂದು ಕೇಳಿದರೆ ಮನೆ ಕೈಬಿಟ್ಟುಹೋಯಿತು ಎಂದುಕೊಳ್ಳಬೇಡಿ. ಜಪ್ತಿಯಾದ ಆಸ್ತಿ ಇನ್ನೂ ಅವರದೇ. ಮಾರುವಂತಿಲ್ಲ, ಅಡವಿಡುವಂತಿಲ್ಲ, ಬಾಕಿ ಕಟ್ಟಿದರೆ ಬಿಡುಗಡೆ. ಮುಟ್ಟುಗೋಲು ಬೇರೆ. ಅಲ್ಲಿ ತಪ್ಪಿಗೆ ದಂಡವಾಗಿ ಒಡೆತನವೇ ಸರಕಾರದ ಪಾಲಾಗುತ್ತದೆ. ಮಲಯಾಳದ 'ಕಂಡುಕೆಟ್ಟಲ್' ಇದೇ, ಆದರೆ ಪತ್ರಿಕೆಗಳು ಜಪ್ತಿಗೂ ಆ ಮಾತನ್ನೇ ಬಳಸುವುದುಂಟು. ಹಾಗಾಗಿ ಕಾಯ್ದೆ, ಸೆಕ್ಷನ್ ನೋಡಿ. ಮಲಯಾಳ ಬಾರದವರಿಗೂ ಸೆಕ್ಷನ್ನಿನ ಅಂಕಿ, ಇಸವಿ ಓದಲು ಬರುತ್ತದೆ.

ಬ್ಯಾಂಕ್ ಸಾಲದ ನೋಟಿಸು ಹೆಚ್ಚಾಗಿ 2002ರ ಸರ್ಫೇಸಿ ಕಾಯ್ದೆಯದು, ಅಂದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಸಾಲ ವಸೂಲು ಮಾಡಲು ಬಿಡುವ ಕಾಯ್ದೆ. 13(2) ಎಂದಿದ್ದರೆ ಕಟ್ಟಲು 60 ದಿನವಿದೆ. ತಕರಾರನ್ನು ಬರೆದು ಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. 13(4) ಎಂದರೆ ಸ್ವಾಧೀನಕ್ಕೇ ಕೈಹಾಕಿದ್ದಾರೆ; 45 ದಿನದೊಳಗೆ ಎರ್ನಾಕುಳದ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹೋಗಬೇಕು. ದೂರವೆಂದು ಊರಿನ ಸಿವಿಲ್ ಕೋರ್ಟಿಗೆ ಹೋದವರು ದಿನ ಕಳೆದುಕೊಳ್ಳುತ್ತಾರೆ, ಅದಕ್ಕೆ ಇದರಲ್ಲಿ ಅಧಿಕಾರವಿಲ್ಲ. ಕೃಷಿಭೂಮಿಗೆ ಈ ಕಾಯ್ದೆ ತಾಗುವುದಿಲ್ಲ ಎಂಬುದನ್ನು ಅಡಿಕೆ ಬೆಳೆಗಾರರು ನೆನಪಿಡಬೇಕು. ಆದರೆ ದಾಖಲೆಯಲ್ಲಿ ತೋಟವೆಂದಿದ್ದರೆ ಸಾಲದು, ನಿಜವಾಗಿ ಬೇಸಾಯ ನಡೆಯುತ್ತಿರಬೇಕು. ತೆರಿಗೆ ರಶೀದಿ, ತೋಟದ ಫೋಟೊ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಅಡಿಕೆ ಕೊಟ್ಟ ಬಿಲ್ಲು ಒಟ್ಟಿಗೆ ಇಡಿ.

ಕೈಸಾಲಕ್ಕೆ ಸಿವಿಲ್ ಕೋರ್ಟಿನ ಡಿಕ್ರಿ (ಹಣ ಕಟ್ಟಬೇಕೆಂಬ ತೀರ್ಪು) ಆದರೆ, ಜಪ್ತಿಯಲ್ಲಿ ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಪ್ರಕಾರ ಹೆಂಗಸು ಕಳಚಬಾರದ ತಾಳಿ, ಕೃಷಿಕರ ಸಲಕರಣೆ, ದನ, ಬಿತ್ತನೆ ಕಾಳು, ಇವನ್ನು ಮುಟ್ಟುವಂತಿಲ್ಲ.

ನಮ್ಮ ಗಡಿಯಲ್ಲಿ ನಿಜವಾದ ಮುಟ್ಟುಗೋಲು ನಡೆಯುವುದು ವಾಹನಗಳ ಮೇಲೆ. ಕರ್ನಾಟಕದಲ್ಲಷ್ಟೇ ಮಾರಬೇಕಾದ ಮದ್ಯದ ಪ್ಯಾಕೆಟ್ಟು ಗಡಿಯ ತಲಪಾಡಿ ದಾಟಿ ಬಂದು ಸಿಕ್ಕಿಬಿದ್ದರೆ ಕೇರಳದ ಅಬ್ಕಾರಿ ಕಾಯ್ದೆಯಲ್ಲಿ 10 ವರ್ಷದವರೆಗೆ ಶಿಕ್ಷೆ, ಕನಿಷ್ಠ 1 ಲಕ್ಷ ದಂಡ. ಸಾಗಿಸಿದ ಬೈಕು, ರಿಕ್ಷಾವೂ ಹೋಗುತ್ತದೆ. ವಾಹನದ ವಿಚಾರಣೆ ಕ್ರಿಮಿನಲ್ ಕೇಸಿಗೆ ಕಾಯುವುದಿಲ್ಲ. ಗಾಡಿ ಕೊಟ್ಟು ಸಿಕ್ಕಿಬಿದ್ದ ಮಾಲಕರು "ನನಗೆ ಗೊತ್ತಿರಲಿಲ್ಲ" ಎಂದಷ್ಟೇ ಹೇಳಿ ಸೋಲುತ್ತಾರೆ. ದುರುಪಯೋಗ ಆಗದಂತೆ ಏನು ಎಚ್ಚರಿಕೆ ವಹಿಸಿದ್ದೆ ಎಂಬುದನ್ನೂ ತೋರಿಸಬೇಕು. ಬಾಡಿಗೆ ಕರಾರು, ಚಾಲಕನ ಲೈಸೆನ್ಸ್ ಪ್ರತಿ ಇದ್ದವರ ವಾದಕ್ಕೆ ಆಧಾರವಿರುತ್ತದೆ.

ಸರಕಾರಿ ಕಚೇರಿಗೆ ಅಹವಾಲನ್ನು ಕನ್ನಡದಲ್ಲೇ ಬರೆದುಕೊಡಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಎರಡು ಪ್ರತಿ ಒಯ್ದು ಒಂದಕ್ಕೆ ತಾರೀಕು ಸಹಿತ ಸೀಲು ಹಾಕಿಸಿ ತನ್ನಿ. ಗಡುವಿನೊಳಗೆ ಕೊಟ್ಟಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.