ಹತ್ತಿಯ ಮೂಲ: ಗಿರಣಿಯ ಪತ್ರವೊಂದೇ ಸಾಲದು

ಪ್ರಶ್ನೆ: ನಾನು ಸಿದ್ಧ ಉಡುಪು ರಫ್ತು ಮಾಡುವ ಘಟಕವೊಂದರಲ್ಲಿ ದಾಖಲೆಗಳ ಕೆಲಸ ನೋಡಿಕೊಳ್ಳುತ್ತೇನೆ. ಬಟ್ಟೆಯ ಹತ್ತಿ ಎಲ್ಲಿ ಬೆಳೆದದ್ದು ಎಂಬುದಕ್ಕೆ ಅಮೆರಿಕದ ಖರೀದಿದಾರರು ಪುರಾವೆ ಕೇಳುತ್ತಿದ್ದಾರೆ. ನೂಲಿನ ಗಿರಣಿಯವರು ಬರೆದುಕೊಟ್ಟಿರುವ ದೃಢೀಕರಣ ಪತ್ರ ಸಾಲದೇ?

ಉತ್ತರ: ಸಾಲದು. 2022ರ ಜೂನ್ 21ರಿಂದ ಅಮೆರಿಕದಲ್ಲಿ ಜಾರಿಯಲ್ಲಿರುವ ಉಯಿಗುರ್ (ಶಿನ್‌ಜಿಯಾಂಗ್‌ನ ಮುಸ್ಲಿಂ ಸಮುದಾಯ) ಬಲವಂತದ ದುಡಿಮೆ ತಡೆ ಕಾಯ್ದೆಯ ಪ್ರಕಾರ, ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿ ಸ್ವಲ್ಪವೇ ಸೇರಿದ್ದರೂ ಆ ಸರಕು ಬಲವಂತದ ದುಡಿಮೆಯದೆಂದೇ ಮೊದಲಿಗೆ ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಆಮದುದಾರರದು. ಇಷ್ಟು ಪ್ರಮಾಣಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಎಂಬ ಮಾತೇ ಅದರಲ್ಲಿಲ್ಲ. ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಶಿನ್‌ಜಿಯಾಂಗ್‌ನಲ್ಲಿಯೇ ಬೆಳೆಯುತ್ತದೆ ಮತ್ತು ನೂಲು, ಬಟ್ಟೆಗಳ ರೂಪದಲ್ಲಿ ಹಲವು ದೇಶಗಳನ್ನು ಸೇರುತ್ತದೆ. ಆದ್ದರಿಂದ ಚೀನಾದಿಂದ ನೇರವಾಗಿ ಏನನ್ನೂ ತರಿಸದವರೂ ನಿಶ್ಚಿಂತರಾಗಿರುವಂತಿಲ್ಲ.

ಹತ್ತಿಯ ಗುರುತು ಉಳಿಯುವುದೂ ಅಳಿಯುವುದೂ ಗಿರಣಿಯ ಬ್ಲೋ ರೂಮಿನಲ್ಲಿ, ಅಂದರೆ ಹತ್ತಿಯನ್ನು ಬಿಡಿಸಿ ಸ್ವಚ್ಛಗೊಳಿಸುವ ಮೊದಲ ಕೋಣೆಯಲ್ಲಿ. ಅಲ್ಲಿ ಹತ್ತಾರು ಬೇಲ್‌ಗಳನ್ನು (ಒತ್ತಿ ಕಟ್ಟಿದ ಹತ್ತಿಯ ಮೂಟೆಗಳನ್ನು) ಸಾಲಾಗಿ ಬಿಚ್ಚಿಟ್ಟಿರುತ್ತಾರೆ. ಯಂತ್ರವು ಅವುಗಳ ಮೇಲೆ ಹಿಂದೆ ಮುಂದೆ ಚಲಿಸುತ್ತಾ ಪ್ರತಿಯೊಂದರಿಂದಲೂ ತೆಳುವಾದ ಪದರವನ್ನು ಕಿತ್ತು ಒಟ್ಟಿಗೆ ಬೆರೆಸುತ್ತದೆ. ಬೆರೆತ ಮೇಲೆ ಯಾವ ಎಳೆ ಯಾವ ಹೊಲದ್ದೆಂದು ಯಾರೂ ಹೇಳಲಾರರು. ಆದ್ದರಿಂದ ಯಾವ ದಿನ ಯಾವ ಸಂಖ್ಯೆಯ ಬೇಲ್‌ಗಳನ್ನು ಇಟ್ಟರು, ಅದರಿಂದ ಯಾವ ಲಾಟ್ (ಒಟ್ಟಿಗೆ ತಯಾರಾದ ಕಂತು) ನೂಲು ಹೊರಬಂತು ಎಂಬ ಮಿಶ್ರಣದ ದಾಖಲೆಯನ್ನೇ ನೀವು ಮೊದಲು ಕೇಳಬೇಕು. ಅದರ ಹಿಂದಕ್ಕೆ ಜಿನ್ನಿಂಗ್ (ಬೀಜದಿಂದ ಅರಳೆ ಬಿಡಿಸುವ) ಕಾರ್ಖಾನೆಯ ದಾಖಲೆ, ಹತ್ತಿ ಖರೀದಿಯ ಬಿಲ್ಲು, ಹಣ ಪಾವತಿಯ ಪುರಾವೆ, ಸಾಗಣೆ ಪತ್ರ. ಮುಂದಕ್ಕೆ ನೇಯ್ಗೆ, ಬಣ್ಣ, ಹೊಲಿಗೆಯ ಲಾಟ್ ಸಂಖ್ಯೆಗಳು. ಇವೆಲ್ಲ ಒಂದಕ್ಕೊಂದು ಕೊಂಡಿಯಾಗಿರಬೇಕು.

ತೂಕದ ಲೆಕ್ಕವನ್ನೂ ತಾಳೆ ನೋಡಿ. ನೂಲುವಾಗ ಕಸ ಮತ್ತು ಗಿಡ್ಡ ಎಳೆಗಳು ಹೋಗಿಯೇ ಹೋಗುತ್ತವೆ, ಬಾಚಿ ನಯಗೊಳಿಸಿದ ಕೋಂಬ್ಡ್ ನೂಲಿನಲ್ಲಿ ಇನ್ನೂ ಹೆಚ್ಚು. 100 ಕಿಲೋ ಅರಳೆಗೆ 100 ಕಿಲೋ ನೂಲು ಬಂದಂತೆ ಬರೆದಿದ್ದರೆ, ಎಲ್ಲಿಂದಲೋ ಬೇರೆ ಹತ್ತಿ ಸೇರಿದೆ ಅಥವಾ ಪುಸ್ತಕವನ್ನು ಆಮೇಲೆ ಕುಳಿತು ಬರೆದಿದ್ದಾರೆ ಎಂದು ನಾನಂತೂ ಶಂಕಿಸುತ್ತೇನೆ.

ಪ್ರಶ್ನೆ: ಇಷ್ಟೆಲ್ಲ ಕಾಗದಗಳ ಬದಲು ಪ್ರಯೋಗಾಲಯದ ಪರೀಕ್ಷೆ ಮಾಡಿಸಿದರೆ ಆಗುವುದಿಲ್ಲವೇ?

ಉತ್ತರ: ಪರೀಕ್ಷೆ ಕಾಗದಗಳಿಗೆ ಬೆಂಬಲವಾಗಬಲ್ಲದು, ಬದಲಿಯಾಗಲಾರದು. ಹತ್ತಿ ಗಿಡ ಹೀರಿದ ನೀರಿನಲ್ಲಿರುವ ಹೈಡ್ರೋಜನ್ ಮತ್ತು ಆಮ್ಲಜನಕದ ಐಸೊಟೋಪ್‌ಗಳ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳ) ಅನುಪಾತವು ಮಳೆ, ಎತ್ತರ, ಆವಿಯಾಗುವಿಕೆಗೆ ತಕ್ಕಂತೆ ಬದಲಾಗುತ್ತದೆ. ಆ ಗುರುತು ಎಳೆಯಲ್ಲಿ ಉಳಿಯುತ್ತದೆ. ಅದನ್ನು ತಿಳಿದ ಪ್ರದೇಶಗಳ ಮಾದರಿಗಳೊಂದಿಗೆ ಹೋಲಿಸಿ, ಹೇಳಿದ ಊರಿಗೆ ಹೊಂದುತ್ತದೆಯೋ ಇಲ್ಲವೋ ನೋಡುತ್ತಾರೆ. ಆದರೆ ಹಲವು ದೇಶಗಳ ಹತ್ತಿ ಬೆರೆತಾಗ ಫಲಿತಾಂಶ ಮಸುಕಾಗುತ್ತದೆ. ಇನ್ನು ಡಿಎನ್‌ಎ ಪರೀಕ್ಷೆ ತಳಿಯನ್ನು ಹೇಳೀತೇ ಹೊರತು ಬೆಳೆದ ನೆಲವನ್ನಲ್ಲ. ಜಿನ್ನಿಂಗ್ ಹಂತದಲ್ಲೇ ಗುರುತಿನ ಡಿಎನ್‌ಎ ಸಿಂಪಡಿಸಿದ್ದರೆ ಮಾತ್ರ ಅದನ್ನು ಹಿಂಬಾಲಿಸಬಹುದು.

ಪ್ರಶ್ನೆ: ಶಿನ್‌ಜಿಯಾಂಗ್‌ನ ಹೊಲಗಳಲ್ಲೇ ತಪಾಸಣೆ ನಡೆಸಿ ವರದಿ ತರಿಸಿದರೆ?

ಉತ್ತರ: ಸರ್ಕಾರವೇ ಜನರನ್ನು ಕೆಲಸಕ್ಕೆ ಕಳುಹಿಸುವ ಕಡೆ, ಒಲ್ಲೆ ಎಂದವನಿಗೆ ಏನಾಗುತ್ತದೆಂಬ ಹೆದರಿಕೆ ಇರುವ ಕಡೆ, ತಪಾಸಣೆಗೆ ಬಂದ ಅಪರಿಚಿತನ ಮುಂದೆ ಯಾವ ಕೂಲಿಯಾಳೂ ಬಾಯಿ ಬಿಡಲಾರ. ಅಂಥ ವರದಿಯಲ್ಲಿ ಎಲ್ಲವೂ ಸರಿಯಿದೆ ಎಂದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಮಾತನಾಡಲಾಗದ ಆ ಮನುಷ್ಯನಿಗಾಗಿಯೇ ಈ ಕಾಯ್ದೆ ಇಷ್ಟು ಬಿಗಿಯಾಗಿದೆಯೆಂಬುದನ್ನು ಕಡತ ಕಟ್ಟುವ ನಾವು ಮರೆಯಬಾರದು.

ಪ್ರಶ್ನೆ: ಯುರೋಪಿಗೂ ಇದೇ ನಿಯಮವೇ?

ಉತ್ತರ: ಅಲ್ಲ. ಐರೋಪ್ಯ ಒಕ್ಕೂಟದ ನಿಯಮ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ. ಅದರಲ್ಲಿ ಯಾವುದೇ ಪ್ರಾಂತ್ಯದ ಬಗ್ಗೆ ಪೂರ್ವಭಾವನೆಯಿಲ್ಲ. ಬಲವಂತದ ದುಡಿಮೆ ನಡೆದಿದೆಯೆಂದು ಸಾಬೀತುಪಡಿಸುವ ಹೊಣೆ ತನಿಖೆ ನಡೆಸುವ ಅಧಿಕಾರಿಗಳದು. ಆದರೂ ಅವರು ಕೇಳುವ ಮಾಹಿತಿಗೆ ಉತ್ತರಿಸಲು ಇದೇ ಬೇಲ್ ಸಂಖ್ಯೆಗಳು, ಇದೇ ಲಾಟ್ ದಾಖಲೆಗಳು ನಿಮ್ಮ ಕೈಯಲ್ಲಿರಬೇಕಾಗುತ್ತದೆ.