46ರಲ್ಲಿ ಡೇಟಿಂಗ್ ಆ್ಯಪ್ ಸೇರಿದರೆ ನಗೆಪಾಟಲಾಗುವುದಿಲ್ಲವೇ?

ವಿಚ್ಛೇದನವಾಗಿ ನಾಲ್ಕು ವರ್ಷ, ಆ್ಯಪ್‌ನಲ್ಲಿ ಖಾತೆ ತೆರೆದು ಹತ್ತು ದಿನ. ಇನ್ನೂ ಯಾರಿಗೂ ಒಂದು ಸಾಲು ಬರೆಯಲಾಗಿಲ್ಲ, ಮಕ್ಕಳ ಆಟದಲ್ಲಿ ನುಗ್ಗಿದಂತೆ ನಾಚಿಕೆಯಾಗುತ್ತಿದೆ ಎಂದಿದ್ದೀರಿ. ನನಗೀಗ 53. ಗಂಡ ತೀರಿಕೊಂಡ ಆರು ವರ್ಷದ ಮೇಲೆ ನಾನೂ ಇದೇ ಹೊಸ್ತಿಲಲ್ಲಿ ನಿಂತಿದ್ದೆ. ನಗು ಬರುವಂಥದ್ದು ನಡೆದೇ ನಡೆಯುತ್ತದೆ. ಎದುರಿಗಿರುವವರಿಗೂ ಅದೇ ಪಾಡು ಎಂಬುದನ್ನು ನಾನು ಮೊದಲ ಭೇಟಿಯಲ್ಲೇ ಕಂಡೆ.

ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರೊಂದಿಗೆ ಒಂದು ಗ್ರಂಥಾಲಯದ ಮೆಟ್ಟಿಲ ಬಳಿ ಸೇರುವುದೆಂದು ಮಾತಾಗಿತ್ತು. ಮೊಬೈಲಿನಲ್ಲಿ ಅವರ ಫೋಟೊ ತೆರೆದು, ಕೈ ಚಾಚಿ ದೂರ ಹಿಡಿದು, ಬಂದವರ ಮುಖಕ್ಕೆಲ್ಲ ಹೋಲಿಸುತ್ತಿದ್ದೆ. ಓದುವ ಕನ್ನಡಕ ಚೀಲದಲ್ಲಿತ್ತು, ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಕಂಬದ ಪಕ್ಕ ಒಬ್ಬರು ನನ್ನಂತೆಯೇ ಕೈ ಚಾಚಿ, ಕಣ್ಣು ಕಿರಿದು ಮಾಡಿ ಮೊಬೈಲ್ ನೋಡುತ್ತಿದ್ದರು. ಫೋಟೊದಲ್ಲಿ ಕಪ್ಪು ಮೀಸೆ. ಕಂಬದ ಪಕ್ಕದವರಿಗೆ ಮೀಸೆಯೇ ಇಲ್ಲ, ತಲೆ ಪೂರ್ತಿ ನರೆತಿತ್ತು. ನನ್ನ ಫೋಟೊ ಕೂಡ ಒಂಬತ್ತು ವರ್ಷ ಹಳೆಯದು. ಏಳೆಂಟು ನಿಮಿಷ ಹೀಗೇ ಕಳೆದ ಮೇಲೆ ಅವರು ಕರೆ ಮಾಡಿದರು, ನನ್ನ ಕೈಯಲ್ಲಿ ಮೊಬೈಲ್ ಬಡಿದುಕೊಂಡಿತು. ಇಬ್ಬರೂ ಕನ್ನಡಕ ತೆಗೆದು ಹಾಕಿಕೊಂಡೆವು. ಅವರು ನನ್ನ ಮುಖ ನೋಡಿ, "ಸದ್ಯ!" ಎಂದು ಉಸಿರು ಬಿಟ್ಟರು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ಅದನ್ನು ಮುಚ್ಚಿಡಲು ಇಬ್ಬರೂ ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದೆವು.

ಆ ಪರಿಚಯ ಮುಂದುವರಿಯಲಿಲ್ಲ. ಆದರೆ ಅಂದು ರಾತ್ರಿಯೇ ಫೋಟೊ ಬದಲಿಸಿದೆ: ಕನ್ನಡಕ, ನರೆಗೂದಲು, ಮನೆಯ ಕಿಟಕಿಯ ಬೆಳಕು. ಬರುವ ಸಂದೇಶಗಳು ಕಡಿಮೆಯಾದವು, ಬಂದವು ಓದುವಂತಿದ್ದವು. ನೀವು ಮೊದಲು ಮಾಡಬೇಕಾದದ್ದು ಇದೇ ಎಂದು ನನ್ನ ಬಲವಾದ ಅಭಿಪ್ರಾಯ.

ಉಳಿದದ್ದು ರೂಢಿಯಾಗುತ್ತದೆ. ಟಿಂಡರ್ ಎಂಬ ಡೇಟಿಂಗ್ ಆ್ಯಪ್ 2012ರಲ್ಲಿ ಬಂದದ್ದು. ಎಡಕ್ಕೆ ಸರಿಸಿದರೆ ಬೇಡ, ಬಲಕ್ಕೆ ಸರಿಸಿದರೆ ಬೇಕು ಎಂಬ ಅದರ ರೀತಿ ಈಗ ಹಲವು ಆ್ಯಪ್‌ಗಳಲ್ಲಿದೆ. ಹೆಬ್ಬೆರಳು ತಪ್ಪಿ ಬೇಡದವರು ಬೇಕಾಗುವುದುಂಟು, ಗಾಬರಿಯಾಗಬೇಡಿ. ಕಚೇರಿಯ ಸಹೋದ್ಯೋಗಿಯ ಮುಖ ಕಾಣಿಸಿಕೊಂಡರೂ ಅಷ್ಟೇ. ಅವರೂ ನಿಮ್ಮ ಹಾಗೆಯೇ ಜೊತೆ ಹುಡುಕುತ್ತ ಬಂದವರು. ಹಣ ಕೇಳಿದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ, ಎಷ್ಟೇ ಕರುಣೆಯ ಕಥೆ ಹೇಳಲಿ. ಇನ್ನೊಂದು, ವಾರಗಟ್ಟಲೆ ಬರೆಯುತ್ತ ಕೂರಬೇಡಿ. ಒಬ್ಬರಿಗೆ ನಾನು ಆರು ವಾರ ಮನಸ್ಸು ಬಿಚ್ಚಿ ಬರೆದೆ. ಎದುರು ಕೂತಾಗ ಇಬ್ಬರ ಬಾಯೂ ಕಟ್ಟಿಹೋಯಿತು. ಒಂದು ವಾರದೊಳಗೆ ಒಮ್ಮೆ ದನಿ ಕೇಳಿ, ಆಮೇಲೆ ಜನರಿರುವ ಜಾಗದಲ್ಲಿ ಭೇಟಿಯಾಗಿ.

ಮೊದಲ ಸಾಲು ಏನು ಬರೆಯಲಿ ಎಂದು ಕೇಳಿದ್ದೀರಿ. "ಹೇಗಿದ್ದೀರಿ" ಎಂದಷ್ಟೇ ಬರೆದರೆ "ಚೆನ್ನಾಗಿದ್ದೇನೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅವರ ಫೋಟೊವನ್ನು, ಅವರು ಬರೆದುಕೊಂಡದ್ದನ್ನು ನಿಧಾನವಾಗಿ ನೋಡಿ, ಕಣ್ಣಿಗೆ ಬಿದ್ದ ಒಂದು ವಸ್ತುವಿನ ಬಗ್ಗೆ ಕೇಳಿ. ಕಿಟಕಿಯ ಬಳಿಯ ಆ ಫೋಟೊ ನೋಡಿ ಒಬ್ಬರು ಬರೆದಿದ್ದರು: "ನಿಮ್ಮ ಹಿಂದೆ ಕಾಣುವ ಹೊಲಿಗೆ ಯಂತ್ರ ಯಾರದು?" ಅದು ನನ್ನ ಅಮ್ಮನದು. ಅದರ ಕಥೆಯನ್ನೆಲ್ಲ ಬರೆದು ಕಳಿಸಿದೆ. ಒಂದೂವರೆ ವರ್ಷದಿಂದ ಭಾನುವಾರದ ಸಂಜೆ ಒಟ್ಟಿಗೆ ನಡೆಯಲು ಹೋಗುತ್ತಿದ್ದೇವೆ.