ಬೇಡದ ಬಾಗಿಲು ಮುಚ್ಚುವ ಮೊದಲು ನೆಲ ಎತ್ತಿ ನೋಡು

ತಂಗಿ, ಆಳಂದದಿಂದ ಇಂಗ್ಲೆಂಡಿಗೆ ಬಂದು ವರ್ಷವಾಯಿತು, ಹಳೆಯ ಸಾಲುಮನೆ ಕೊಂಡಿದ್ದೇವೆ, ಅಡುಗೆಮನೆಗೆ ಎರಡು ಬಾಗಿಲು, ಒಂದನ್ನು ಇಟ್ಟಿಗೆ ಕಟ್ಟಿ ಮುಚ್ಚಬೇಕು, ಊರಿನಲ್ಲಿ ಮಾಡಿಸಿದಂತೆ ಇಲ್ಲಿಯೂ ಆಗುತ್ತದೆಯೇ ಎಂದು ಕೇಳಿದ್ದೀಯ. ಇಂಗ್ಲೆಂಡಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ನಾನು ಈಗ ಕಲಬುರಗಿಯ ತವರುಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಣ್ಣತಮ್ಮಂದಿರು ಮನೆಯನ್ನು ಪಾಲು ಮಾಡಿಕೊಂಡಿದ್ದಾರೆ, ಅದಕ್ಕೇ ಈ ಕೆಲಸ. ಪಡಸಾಲೆಯ ನಡುವಿನ ಬಾಗಿಲನ್ನು ಗೌಂಡಿ ಮುಚ್ಚುತ್ತಿದ್ದಾನೆ. ನಿನ್ನೆ ಸಂಜೆ ಫೋನು ಮಾಡಿದರೆ ಇಂದು ಬೆಳಿಗ್ಗೆ ಆಳಿನೊಂದಿಗೆ ಬಂದ. ಅಲ್ಲಿ ಇದನ್ನು ನಿರೀಕ್ಷಿಸಬೇಡ. ಒಂದು ಬಾಗಿಲಿನಷ್ಟು ಸಣ್ಣ ಕೆಲಸವನ್ನು ಅನೇಕರು ಒಪ್ಪುವುದಿಲ್ಲ, ಒಪ್ಪಿದವರೂ ವಾರಗಟ್ಟಲೆ ಕಾಯಿಸುತ್ತಾರೆ. ಕೆಲಸ ಕಲಿತುಕೋ, ಇಲ್ಲವೇ ಮಾಡುವವರ ಪಕ್ಕದಲ್ಲಿ ನಿಂತು ಸರಿತಪ್ಪು ಹೇಳುವಷ್ಟಾದರೂ ತಿಳಿದುಕೋ.

ಮೊದಲು ನೆಲ. ನಮ್ಮ ಮನೆಯಲ್ಲಿ ಶಹಾಬಾದಿನ ಫರ್ಸಿ, ಕೆಳಗೆ ಗಟ್ಟಿ ಮಣ್ಣು. ಗೌಂಡಿ ಹೊಸ್ತಿಲು ಕಿತ್ತಾಗ ಅಡಿಪಾಯದ ಕಲ್ಲೇ ಕಾಣಿಸಿತು. ಅಲ್ಲಿ ನೂರು ವರ್ಷದ ಅನೇಕ ಮನೆಗಳಲ್ಲಿ ಹಲಗೆಯ ಕೆಳಗೆ ತೊಲೆ, ತೊಲೆಯ ಕೆಳಗೆ ಟೊಳ್ಳು. ಒಂದು ಬಾಗಿಲಿಗೆ ಒಂಟಿ ಇಟ್ಟಿಗೆಯ ಗೋಡೆಯೆಂದರೂ ಸುಮಾರು 100 ಇಟ್ಟಿಗೆ, ಗಾರೆ ಸೇರಿ 250 ಕಿಲೊಗೂ ಹೆಚ್ಚು. ಆ ಭಾರವನ್ನು ಹಲಗೆಯ ಮೇಲೆ ಹೇರಬಾರದು. ಒಂದು ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡು. ಬಾಗಿಲಿನ ಕೆಳಗೂ ಗೋಡೆ ಮುಂದುವರಿದಿದ್ದರೆ ಇಟ್ಟಿಗೆ ಕಟ್ಟು. ಇಲ್ಲದಿದ್ದರೆ ಮರದ ಚೌಕಟ್ಟು ನಿಲ್ಲಿಸಿ ಜಿಪ್ಸಂ ಹಲಗೆ ಹೊಡೆಸು. ಅದರಲ್ಲಿ ಕೊರತೆಯೇನೂ ಇಲ್ಲ.

ಎರಡನೆಯದು, ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಮನೆಯಲ್ಲಿ ಗೋಡೆಗೆ ಮೆತ್ತಿದ ಹಳೆಯ ಗಿಲಾಯಿಗೇ (ಪ್ಲಾಸ್ಟರಿಗೇ) ಒತ್ತಿ ಹೊಸ ಇಟ್ಟಿಗೆ ಕಟ್ಟಿದೆವು. ಬಣ್ಣ ಬಳಿದ ಮೇಲೆ ಬಹಳ ಚೆನ್ನಾಗಿ ಕಂಡಿತು. ಮರುಚಳಿಗಾಲಕ್ಕೆ ಮೇಲಿನಿಂದ ನೆಲದವರೆಗೆ ಎರಡೂ ಬದಿಗೆ ಕೂದಲೆಳೆಯ ಬಿರುಕು ಬಿಟ್ಟಿತು. ಯಾರೋ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬಾಗಿಲನ್ನು ಮತ್ತೆ ಬರೆದಂತಿತ್ತು. ಇಲ್ಲಿ ಗೌಂಡಿ ಈಗ ಮಾಡುತ್ತಿರುವುದನ್ನು ನೋಡಿದರೆ ನಾವು ಬಿಟ್ಟದ್ದೇನೆಂದು ತಿಳಿಯುತ್ತದೆ: ಚೌಕಟ್ಟು ತೆಗೆದು, ಗಿಲಾಯಿಯನ್ನು ಗೇಣಗಲ ಕೆದರಿ, ಅಂಚಿನಲ್ಲಿ ಒಂದು ಬಿಟ್ಟು ಒಂದು ಕಲ್ಲನ್ನು ಸಡಿಲಿಸಿ ತೆಗೆಯುತ್ತಿದ್ದಾನೆ. ಹೊಸ ಕಲ್ಲು ಆ ಸಂದಿಗಳಲ್ಲಿ ಹಲ್ಲಿಗೆ ಹಲ್ಲು ಕೂಡುತ್ತದೆ. ಅಲ್ಲಿಯ ಇಂದಿನ ಇಟ್ಟಿಗೆ 65 ಮಿಲಿಮೀಟರ್ ಎತ್ತರ, ಗಾರೆ 10, ನಾಲ್ಕು ವರಸೆಗೆ, ಅಂದರೆ ನಾಲ್ಕು ಸಾಲಿಗೆ, 300. ಹಳೆಯ ಇಟ್ಟಿಗೆ ಸಾಮಾನ್ಯವಾಗಿ ಇದಕ್ಕಿಂತ ಎತ್ತರ, ಹಾಗಾಗಿ ವರಸೆ ಹೊಂದುವುದಿಲ್ಲ. ಆಗ ಹಳೆಯ ಗೋಡೆಗೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ತಿರುಪಿನಿಂದ ಬಿಗಿದು, ಅದರ ಕೊಂಡಿಗಳನ್ನು ಗಾರೆಯೊಳಗೆ ಹೂತು ಕಟ್ಟುತ್ತಾರೆ. ಬಾಗಿಲಿನ ಮೇಲೆ ಗೋಡೆ ಹೊತ್ತಿರುವ ತೊಲೆಯನ್ನು ತೆಗೆಯಬೇಡ. ಅದರ ಕೆಳಗಿನ ಸಂದಿಯನ್ನು ಒಂದೆರಡು ದಿನ ಬಿಟ್ಟು, ಗೋಡೆ ಕುಳಿತ ಮೇಲೆ, ಬಿಗಿ ಗಾರೆಯಿಂದ ತುಂಬು. ತಳದಲ್ಲಿ ತೇವ ತಡೆಯುವ ಹಾಳೆ ಇರಲಿ.

ನೀರಿನ ವಿಷಯದಲ್ಲಿ ಮಾತ್ರ ಊರಿನ ರೂಢಿ ಬಿಡು. ಗೋಡೆ ಎದ್ದ ಮೇಲೆ ಈ ಬಿಸಿಲಿಗೆ ನಮ್ಮಮ್ಮ ದಿನಕ್ಕೆ ಮೂರು ಸಲ ಬಕೆಟ್ ಹಿಡಿದು ಅದಕ್ಕೆ ನೀರು ಎರಚುತ್ತಾಳೆ, ಕಲ್ಲು ಹೀರುವ ಸದ್ದು ಕೇಳಿಸುತ್ತದೆ. ಅಲ್ಲಿ ಆರುವುದೇ ಕಷ್ಟ. ವಾರಗಟ್ಟಲೆ ಬಿಡು, ಬಣ್ಣಕ್ಕೆ ಅವಸರ ಮಾಡಿದರೆ ಗುಳ್ಳೆ ಏಳುತ್ತದೆ.

ಒಳಗಿನ ಬಾಗಿಲಿಗೆ ಸಾಮಾನ್ಯವಾಗಿ ಯೋಜನಾ ಅನುಮತಿ ಬೇಡ. ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಅನುಮತಿಯಿಲ್ಲದೆ ಮುಟ್ಟುವುದು ಅಪರಾಧ. ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿ ಆ ಬಾಗಿಲೇ ಆಗಿದ್ದರೆ, ದಯವಿಟ್ಟು ಮುಚ್ಚಲೇಬೇಡ.

ತಿಂಗಳ ಕೊನೆಯವರೆಗೂ ನಾನು ಇಲ್ಲಿಯೇ ಇರುತ್ತೇನೆ. ಹಲಗೆ ಎತ್ತಿ ಕೆಳಗಿನ ಫೋಟೊ ತೆಗೆದು ಕಳುಹಿಸು, ಇಟ್ಟಿಗೆಯನ್ನು ಆಮೇಲೆ ಕೊಳ್ಳುವೆಯಂತೆ.